ರಂಜಕ ಕರಗಿಸುವ ಜೀವಾಣು ಹಾಕಿದರೂ ಗಿಡ ಏಳುತ್ತಿಲ್ಲವೇ? ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ದೂರು ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ರಂಜಕ ಕರಗಿಸುವ ಜೀವಾಣು, ಅಂದರೆ ಪಿಎಸ್‌ಬಿ, ಪೊಟ್ಟಣ ತಂದು ಬೀಜಕ್ಕೆ ಹಚ್ಚಿಯಾಯಿತು. ಸಾಲಿಗೂ ಹಾಕಿಯಾಯಿತು. ಗಿಡ ಮಾತ್ರ ಕುಳ್ಳಗೇ ಕೂತಿದೆ, ಕೆಳಗಿನ ಎಲೆ ನೇರಳೆಗೆ ತಿರುಗಿದೆ. ಪೊಟ್ಟಣದಲ್ಲಿ ಬರೀ ಇದ್ದಿಲ ಪುಡಿ ಇತ್ತು ಅಂತ ತೀರ್ಮಾನ ಆಗಿಬಿಡುತ್ತದೆ. ಕೆಲವು ಸಲ ಅದು ನಿಜವೇ. ಆದರೆ ಪೊಟ್ಟಣವನ್ನು ಬೈಯುವ ಮೊದಲು ನೋಡಬೇಕಾದ ನಾಲ್ಕಾರು ಜಾಗಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ನೋಡಲು ದುಡ್ಡೂ ಬೇಕಿಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ದ್ವಿದಳ ಬೆಳೆಯ ಬೇರಿನಲ್ಲಿರುವ ರೈಜೋಬಿಯಂ ಗಾಳಿಯಿಂದ ಸಾರಜನಕ ಹಿಡಿದು ತರುತ್ತದೆ. ಹೊಲಕ್ಕೆ ಅದು ಹೊಸ ಆದಾಯ. ರಂಜಕದ ಜೀವಾಣುಗಳಿಗೆ ಅಂತಹ ದಾರಿ ಇಲ್ಲ, ಯಾಕೆಂದರೆ ಗಾಳಿಯಲ್ಲಿ ಹಿಡಿದು ತರುವಂತಹ ರಂಜಕ ಇಲ್ಲ. ಒಂದು ಗ್ರಾಂ ರಂಜಕವನ್ನೂ ಅವು ಹುಟ್ಟಿಸುವುದಿಲ್ಲ. ಮಣ್ಣಲ್ಲಿ ಆಗಲೇ ಇದ್ದು, ಬೇರಿಗೆ ಸಿಗದೆ ಕೂತಿರುವುದನ್ನು ಬಿಡಿಸಿ ಕೊಡುತ್ತವೆ, ಅಷ್ಟೇ. ದೋಷ ಹುಡುಕುವ ಕೆಲಸ ಪೂರ್ತಿ ಈ ಮಾತಿನ ಮೇಲೆ ನಿಂತಿದೆ. ಗಿಡಕ್ಕೆ ಬೇಕಿರುವುದು ರಂಜಕವೇ ಹೌದಾ? ಬಿಡಿಸಲು ಮಣ್ಣಲ್ಲಿ ಏನಾದರೂ ಇದೆಯಾ? ಅದು ಯಾವುದಕ್ಕೆ ಅಂಟಿಕೊಂಡಿದೆ? ಬಿಡಿಸುವ ಜೀವಾಣು ಬದುಕಿದೆಯಾ? ಬದುಕಿದ್ದರೆ ಅದಕ್ಕೆ ತಿನ್ನಲು ಏನಿದೆ? ಇದೇ ಕ್ರಮದಲ್ಲಿ ಕೇಳುತ್ತಾ ಹೋಗಿ. ನಡುವಿನಿಂದ ಶುರು ಮಾಡಿದರೆ ಸುಮ್ನೆ ಸುತ್ತುತ್ತೀರಿ.

ನೇರಳೆ ಎಲೆ ಕಂಡ ಕೂಡಲೇ ರಂಜಕ ಅನ್ನಬೇಡಿ

ರಂಜಕ ಗಿಡದೊಳಗೆ ಓಡಾಡುವ ಪೋಷಕಾಂಶ. ಕೊರತೆ ಬಂದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಲಕ್ಷಣ ಯಾವಾಗಲೂ ಕೆಳಗಿನ ಎಲೆಯಲ್ಲಿ ಮೊದಲು ಕಾಣುತ್ತದೆ. ಮೆಕ್ಕೆಜೋಳದಲ್ಲಿ ಎಲೆಯ ತುದಿ ಮತ್ತು ಅಂಚು ನೇರಳೆ ಆಗುತ್ತದೆ. ಇನ್ನು ಎಷ್ಟೋ ಬೆಳೆಗಳಲ್ಲಿ ಈ ಬಣ್ಣ ಬರುವುದೇ ಇಲ್ಲ. ಗಿಡ ಗಿಡ್ಡಗಿರುತ್ತದೆ, ಎಲೆ ಸಣ್ಣದಾಗಿ ಕಪ್ಪು ಹಸಿರಾಗಿರುತ್ತದೆ, ಭತ್ತ ಗೋಧಿಯಂಥ ಬೆಳೆಯಲ್ಲಿ ತೆಂಡೆ ಕಮ್ಮಿ ಒಡೆಯುತ್ತದೆ, ಹೂವು ತಡವಾಗುತ್ತದೆ. ದೂರದಿಂದ ನೋಡಿದವರಿಗೆ "ಹಸಿರು ಚೆನ್ನಾಗೇ ಇದೆ ಅಲ್ವಾ" ಅನ್ನಿಸುತ್ತದೆ. ಪಕ್ಕದಲ್ಲಿ ಒಳ್ಳೆಯ ಗಿಡ ನಿಲ್ಲಿಸಿದಾಗಲೇ ವ್ಯತ್ಯಾಸ ಗೊತ್ತಾಗುವುದು.

ಇನ್ನೊಂದು ಕಡೆ, ನೇರಳೆ ಬಣ್ಣ ರಂಜಕದ ಕೊರತೆ ಇಲ್ಲದೆಯೂ ಬರುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗೆ ಹೋಗದೆ ಅಲ್ಲೇ ಉಳಿದರೆ ಆಂಥೋಸಯನಿನ್ ಅನ್ನುವ ಬಣ್ಣ ಕಟ್ಟುತ್ತದೆ. ಮಣ್ಣು ತಣ್ಣಗಿದ್ದರೆ, ಬೇರು ಕೊಳೆತಿದ್ದರೆ, ನೀರು ನಿಂತಿದ್ದರೆ, ಕಳೆನಾಶಕ ತಾಗಿದ್ದರೆ ಹೀಗಾಗಬಹುದು. ಕೆಲವು ತಳಿಗಳ ಬಣ್ಣವೇ ಹಾಗೆ. ಚಳಿಯಲ್ಲಿ ನೇರಳೆಯಾದ ಎಳೆ ಮೆಕ್ಕೆಜೋಳ, ಮಣ್ಣು ಬಿಸಿಯಾದ ಮೇಲೆ ತಾನಾಗಿ ಹಸಿರಾಗುತ್ತದೆ. ಆ ಹೊತ್ತಿಗೆ ಯಾರಾದರೂ ಜೀವಾಣು ಸುರಿದಿದ್ದರೆ ಹೆಸರು ಅದಕ್ಕೇ ಹೋಗುತ್ತದೆ!

ಆದ್ದರಿಂದ ಮೊದಲ ಕೆಲಸ ಗುದ್ದಲಿಯದು. ಚೆನ್ನಾಗಿರುವ ಒಂದು ಗಿಡ, ಕೆಟ್ಟಿರುವ ಒಂದು ಗಿಡ, ಎರಡನ್ನೂ ಮಣ್ಣು ಸಮೇತ ಅಗೆದು ತೆಗೆಯಿರಿ. ಎಳೆದು ಕೀಳಬೇಡಿ, ಸಣ್ಣ ಬೇರೆಲ್ಲ ಮಣ್ಣಲ್ಲೇ ಉಳಿಯುತ್ತದೆ. ಬಕೆಟ್ ನೀರಿನಲ್ಲಿ ಮುಳುಗಿಸಿ, ಮಣ್ಣು ತಾನಾಗಿ ಬಿಡುವವರೆಗೆ ಕಾಯಿರಿ. ಬೇರು ಕಂದಾಗಿ, ಸಿಪ್ಪೆ ಜಾರುವಂತಿದ್ದರೆ ಕೊಳೆ ರೋಗ. ಒಂದು ಆಳದಲ್ಲಿ ಎಲ್ಲಾ ಬೇರುಗಳೂ ಅಡ್ಡಕ್ಕೆ ತಿರುಗಿದ್ದರೆ ಅಡಿಯಲ್ಲಿ ಗಟ್ಟಿ ಪದರ ಇದೆ. ಗಂಟುಗಳಿದ್ದರೆ ಉಗುರಿನಿಂದ ತಳ್ಳಿ ನೋಡಿ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಸುಲಭವಾಗಿ ಉದುರುತ್ತದೆ, ಸೀಳಿದರೆ ಒಳಗೆ ನಸುಗೆಂಪು. ಬೇರೇ ಊದಿಕೊಂಡು ಗಂಟಾಗಿದ್ದರೆ ಅದು ಮಣ್ಣಿನ ಜಂತುಹುಳುವಿನ (ನೆಮಟೋಡ್) ಕಾಟ. ಇವುಗಳಲ್ಲಿ ಯಾವುದು ಕಂಡರೂ ರಂಜಕದ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಕೆಟ್ಟ ಬೇರಿಗೆ ಯಾವ ಜೀವಾಣುವೂ ಉಣಿಸಲಾರದು.

ಮಣ್ಣು ಪರೀಕ್ಷೆಯ ಚೀಟಿ

ಬೇರು ಚೆನ್ನಾಗಿದೆ, ಗಿಡ ಮಾತ್ರ ಗಿಡ್ಡ. ಈಗ ಚೀಟಿ ನೋಡಿ. ಅದರಲ್ಲಿ ಜನ ಎಡವುವುದು ಎರಡು ಕಡೆ.

ಒಂದು, ಪರೀಕ್ಷೆಯ ವಿಧಾನ. ಹುಳಿ ಮಣ್ಣಿಗೆ ಬ್ರೇ ವಿಧಾನ (1945), ಸುಣ್ಣದ ಮಣ್ಣಿಗೆ ಓಲ್ಸೆನ್ ವಿಧಾನ (1954) ಸರಿ. ಬ್ರೇ ದ್ರಾವಣದಲ್ಲಿ ಆಮ್ಲ ಇದೆ. ಸುಣ್ಣದ ಮಣ್ಣಿಗೆ ಅದನ್ನು ಹಾಕಿದರೆ ಆಮ್ಲವನ್ನು ಸುಣ್ಣವೇ ತಿಂದುಬಿಡುತ್ತದೆ, ರಂಜಕ ಇದ್ದದ್ದಕ್ಕಿಂತ ಕಮ್ಮಿ ಕಾಣುತ್ತದೆ. ಚೀಟಿಯಲ್ಲಿ ವಿಧಾನದ ಹೆಸರಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಇನ್ನೊಂದು, ಅಳತೆ. ಕೆಲವರು ಶುದ್ಧ ರಂಜಕದ ಲೆಕ್ಕ ಕೊಡುತ್ತಾರೆ, ಕೆಲವರು ಅದರ ಆಕ್ಸೈಡ್ ಲೆಕ್ಕ ಕೊಡುತ್ತಾರೆ. ಎರಡರ ನಡುವೆ 2.29 ಪಟ್ಟು ವ್ಯತ್ಯಾಸ. ಪಿಪಿಎಂನಿಂದ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ) ಹೆಕ್ಟೇರಿಗೆ ಕೆಜಿ ಮಾಡಲು, 15 ಸೆಂ.ಮೀ. ಆಳದ ಮಣ್ಣಿಗೆ, ಸುಮಾರು 2.24ರಿಂದ ಗುಣಿಸುತ್ತಾರೆ. ಅಂದರೆ 9 ಪಿಪಿಎಂ ರಂಜಕ ಅನ್ನುವುದೂ, ಹೆಕ್ಟೇರಿಗೆ 20 ಕೆಜಿ ರಂಜಕ ಅನ್ನುವುದೂ, 46 ಕೆಜಿ ಆಕ್ಸೈಡ್ ಅನ್ನುವುದೂ ಒಂದೇ ಮಣ್ಣಿನ ಮಾತು. 46 ನೋಡಿ "ಜಾಸ್ತಿ ಇದೆ" ಅಂದುಕೊಂಡವರನ್ನೂ, 9 ನೋಡಿ ಗಾಬರಿಯಾದವರನ್ನೂ ಒಟ್ಟಿಗೆ ಕೂರಿಸಿದರೆ ಒಳ್ಳೇ ಜಗಳ ಆಗುತ್ತದೆ.

ಚೀಟಿ ಸರಿಯಾಗಿ ಓದಿದ ಮೇಲೆ ಮೂರರಲ್ಲಿ ಒಂದು ಚಿತ್ರ ಸಿಗುತ್ತದೆ. ಗಿಡಕ್ಕೆ ಸಿಗುವ ರಂಜಕ ಆಗಲೇ ಸಾಕಷ್ಟಿದ್ದರೆ ಜೀವಾಣುವಿನಿಂದ ಹೊಸದಾಗಿ ಏನೂ ಕಾಣುವುದಿಲ್ಲ. ಅದು ವೈಫಲ್ಯ ಅಲ್ಲ, ಅಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಸಿಗುವ ರಂಜಕ ಕಮ್ಮಿ, ಆದರೆ ಮಣ್ಣಲ್ಲಿ ಒಟ್ಟು ದಾಸ್ತಾನು ಚೆನ್ನಾಗಿದ್ದರೆ ಅದೇ ಜೀವಾಣುವಿನ ಜಾಗ. ಒಟ್ಟು ದಾಸ್ತಾನೇ ಖಾಲಿಯಾಗಿದ್ದರೆ ಪೊಟ್ಟಣಕ್ಕೆ ಮಾಡಲು ಏನೂ ಇಲ್ಲ.

ಎರಡನೆಯದೋ ಮೂರನೆಯದೋ ಅಂತ ತಿಳಿಯಲು ಸಾಮಾನ್ಯ ಚೀಟಿ ಸಾಲದು, ಒಟ್ಟು ರಂಜಕದ ಪರೀಕ್ಷೆ ಬೇಕು. ಅದು ಸಿಗದಿದ್ದರೆ ಹೊಲದ ಚರಿತ್ರೆ ಕೇಳಿ. ಹಾಕಿದ ರಂಜಕದ ಗೊಬ್ಬರದಲ್ಲಿ ಮೊದಲ ಬೆಳೆ ಎತ್ತಿಕೊಳ್ಳುವುದು ಸಾಮಾನ್ಯವಾಗಿ 10ರಿಂದ 25%. ಮಿಕ್ಕಿದ್ದರಲ್ಲಿ ಬಹುಪಾಲು ಮಣ್ಣಲ್ಲೇ ಕೂರುತ್ತದೆ. ವರ್ಷಾನುಗಟ್ಟಲೆ ಡಿಎಪಿ, ಸೂಪರ್ ಫಾಸ್ಫೇಟ್, ಕೊಟ್ಟಿಗೆ ಗೊಬ್ಬರ ಬಿದ್ದ ಹೊಲದಲ್ಲಿ ದಾಸ್ತಾನು ಇದ್ದೇ ಇರುತ್ತದೆ. ಏನೂ ಹಾಕದೆ ಬರೀ ಕೊಯ್ದುಕೊಂಡ ಹೊಲದ ಕತೆ ಬೇರೆ. ಒಂದು ಟನ್ ಏಕದಳ ಧಾನ್ಯ ಹೊಲದಿಂದ ಸುಮಾರು 3 ಕೆಜಿ ರಂಜಕ ಹೊತ್ತುಕೊಂಡು ಹೋಗುತ್ತದೆ. ಮರಳು ಮಣ್ಣಿನಲ್ಲಿ ಹೀಗೆ ಹತ್ತಾರು ವರ್ಷ ನಡೆದಿದ್ದರೆ, ಮೊದಲು ರಂಜಕ ತಂದು ಹಾಕಿ. ಜೀವಾಣು ಆಮೇಲೆ.

ರಂಜಕ ಯಾವುದಕ್ಕೆ ಅಂಟಿಕೊಂಡಿದೆ

ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಪೊಟ್ಟಣಗಳು ಸೋಲುವುದು ಇಲ್ಲೇ. ಪೊಟ್ಟಣ ಮಾರುವವರು ಈ ಪ್ರಶ್ನೆ ಕೇಳುವುದೇ ಅಪರೂಪ.

ಹುಳಿ ಮಣ್ಣಿನಲ್ಲಿ ರಂಜಕ ಕಬ್ಬಿಣ ಮತ್ತು ಅಲ್ಯೂಮಿನಿಯಂ ಜೊತೆ ಸೇರಿಕೊಳ್ಳುತ್ತದೆ. ಕ್ಷಾರ ಮಣ್ಣಿನಲ್ಲಿ ಕ್ಯಾಲ್ಸಿಯಂ ಜೊತೆ. ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗಿದ್ದರೆ ಹುಳಿ) 6ರಿಂದ 7ರ ಆಸುಪಾಸಿನಲ್ಲಿ ಎರಡೂ ಹಿಡಿತ ಸ್ವಲ್ಪ ಸಡಿಲ. ಹಿಡಿತ ಬೇರೆಯಾದರೆ ಬಿಡಿಸುವ ವಿದ್ಯೆಯೂ ಬೇರೆಯೇ ಆಗಬೇಕು.

ಬ್ಯಾಸಿಲಸ್, ಸ್ಯೂಡೊಮೊನಾಸ್ ಮುಂತಾದ ಬ್ಯಾಕ್ಟೀರಿಯಾಗಳ ಮುಖ್ಯ ಅಸ್ತ್ರ ಆಮ್ಲ. ಗ್ಲೂಕೋಸ್ ತಿಂದು ಗ್ಲುಕೋನಿಕ್ ಆಮ್ಲ ಹೊರಗೆ ಬಿಡುತ್ತವೆ. ಆಮ್ಲ ತಾಗಿದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಕರಗುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ನೋಡಲು ಬಲು ಚೆಂದ. 1948ರಲ್ಲಿ ಪಿಕೋವ್‌ಸ್ಕಾಯಾ ರೂಪಿಸಿದ ಅಗರ್ ತಟ್ಟೆಯಲ್ಲಿ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೆರೆತು ತಟ್ಟೆ ಹಾಲಿನಂತೆ ಬೆಳ್ಳಗಿರುತ್ತದೆ. ಜೀವಾಣು ಬೆಳೆದ ಸುತ್ತ ಮಾತ್ರ ತಿಳಿಯಾದ ಉಂಗುರ ಬೀಳುತ್ತದೆ. ಕರಪತ್ರದಲ್ಲಿ ಅಚ್ಚು ಹಾಕುವ ಫೋಟೋ ಅದೇ.

ಆದರೆ ಆ ತಟ್ಟೆಯಲ್ಲಿ ಜೀವಾಣುವಿಗೆ ಹೊಟ್ಟೆ ತುಂಬಾ ಗ್ಲೂಕೋಸ್ ಇದೆ. ಪೈಪೋಟಿಗೆ ಯಾರೂ ಇಲ್ಲ. ಬಿಟ್ಟ ಆಮ್ಲವನ್ನು ಹೀರಿಕೊಳ್ಳಲು ಮಣ್ಣು ಇಲ್ಲ. ಕರಗಿಸಬೇಕಾದದ್ದೂ ಸುಲಭವಾಗಿ ಕರಗುವ ಜಾತಿಯದು. ಹೊಲದಲ್ಲಿ ಈ ನಾಲ್ಕೂ ತಿರುವುಮುರುವು. ಉಂಗುರ ದೊಡ್ಡದಿದೆ ಅಂದಮಾತ್ರಕ್ಕೆ ಬೆಳೆ ಏಳುತ್ತದೆ ಅನ್ನಲಾಗದು. ಮೇಲಾಗಿ ಪ್ರಯೋಗಾಲಯದಲ್ಲಿ ತಟ್ಟೆಯಿಂದ ತಟ್ಟೆಗೆ ಬದಲಾಯಿಸುತ್ತಾ ಹೋದಂತೆ ಕೆಲವು ತಳಿಗಳು ಈ ಗುಣವನ್ನೇ ಕಳೆದುಕೊಳ್ಳುವುದುಂಟು.

ನಿಮ್ಮ ಮಣ್ಣಿನಲ್ಲಿ ಬಿಡಿ ಸುಣ್ಣ ಇದೆಯೇ ಅಂತ ಈಗಲೇ ನೋಡಬಹುದು. ಒಂದು ಚಮಚ ಒಣ ಮಣ್ಣನ್ನು ಪುಡಿ ಮಾಡಿ ತಟ್ಟೆಯಲ್ಲಿ ಹರಡಿ. ಮೊದಲು ಬರೀ ನೀರು ಹನಿಸಿ. ಒಣ ಮಣ್ಣಿನೊಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ, ಅದು ನಿಲ್ಲುವವರೆಗೆ ಬಿಡಿ. ಈ ಹೆಜ್ಜೆ ಬಿಟ್ಟರೆ ಗಾಳಿಯ ಗುಳ್ಳೆಯನ್ನೇ ಸುಣ್ಣ ಅಂದುಕೊಳ್ಳುತ್ತೀರಿ. ಆಮೇಲೆ ಬಿಳಿ ವಿನೆಗರ್ ಹನಿಸಿ. ನೊರೆ ಎದ್ದರೆ ಸುಣ್ಣ ಜಾಸ್ತಿ. ಕಣ್ಣಿಗೆ ಏನೂ ಕಾಣದಿದ್ದರೆ ಕಿವಿ ಹತ್ತಿರ ಹಿಡಿಯಿರಿ, ಸಣ್ಣ ಚುರ್ ಸದ್ದು ಬಂದರೆ ಸ್ವಲ್ಪ ಇದೆ. ಏನೂ ಇಲ್ಲದಿದ್ದರೆ ಸುಣ್ಣ ಇಲ್ಲ, ಅಥವಾ ಲೆಕ್ಕಕ್ಕಿಲ್ಲದಷ್ಟು ಕಮ್ಮಿ.

ನೊರೆ ಎದ್ದ ಮಣ್ಣಿನಲ್ಲಿ ಜೀವಾಣು ಬಿಡುವ ಆಮ್ಲ ರಂಜಕದ ತನಕ ತಲುಪುವುದೇ ಕಷ್ಟ, ದಾರಿಯಲ್ಲಿ ಸುಣ್ಣವೇ ಅದನ್ನು ಮುಗಿಸುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 22 ಲಕ್ಷ ಕೆಜಿ ತೂಗುತ್ತದೆ. ಅದರಲ್ಲಿ ಸುಣ್ಣ 1% ಮಾತ್ರ ಅಂದರೂ 22 ಟನ್. ಪೂರ್ತಿ ಹೊಲವನ್ನು ಹುಳಿ ಮಾಡುವ ಆಸೆ ಬಿಟ್ಟುಬಿಡಿ. ಬೇರಿನ ಸುತ್ತ ಒಂದು ಸಣ್ಣ ವಲಯ ಮಾಡಿಕೊಡಿ, ಸಾಕು. ಜೀವಾಣುವನ್ನು ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ ಸಾಲಿನಲ್ಲೇ, ಬೀಜದ ಹತ್ತಿರ ಹಾಕಿ. ಹೊಲದ ತುಂಬಾ ಎರಚಬೇಡಿ. ಸಾರಜನಕವನ್ನು ನೈಟ್ರೇಟ್ ಬದಲು ಅಮೋನಿಯಂ ರೂಪದಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಅಮೋನಿಯಂ ಹೀರುವ ಬೇರು ಹೈಡ್ರೋಜನ್ ಅಯಾನು ಹೊರಗೆ ಬಿಡುತ್ತದೆ, ಬೇರಿನ ಪಕ್ಕದ ಮಣ್ಣು ಸ್ವಲ್ಪ ಹುಳಿಯಾಗುತ್ತದೆ. ನೈಟ್ರೇಟ್ ಹೀರಿದರೆ ಇದರ ಉಲ್ಟಾ ನಡೆಯುತ್ತದೆ.

ಶಿಲಾರಂಜಕ, ಅಂದರೆ ರಂಜಕ ಇರುವ ಕಲ್ಲಿನ ಪುಡಿ, ಅದರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅದು ಪಿಎಚ್ 5.5ಕ್ಕಿಂತ ಕೆಳಗಿನ ಹುಳಿ ಮಣ್ಣಿನಲ್ಲಿ ಚೆನ್ನಾಗಿ ಕರಗುತ್ತದೆ. ಸುಣ್ಣದ ಮಣ್ಣಿಗೆ ಶಿಲಾರಂಜಕವನ್ನೂ ಪಿಎಸ್‌ಬಿಯನ್ನೂ ಒಟ್ಟಿಗೆ ಎರಚಿ ಫಲ ಕಾಯುವುದು ಸಮಯ ಹಾಳು. ಹಾಕಲೇಬೇಕು ಅಂದರೆ ಕಾಂಪೋಸ್ಟ್ ಗುಂಡಿಯಲ್ಲೇ ಬೆರೆಸಿ ಕೊಳೆಯಲು ಬಿಡಿ. ಕೊಳೆಯುವಾಗ ಹುಟ್ಟುವ ಆಮ್ಲಗಳು ಅಲ್ಲೇ ಒಂದಿಷ್ಟು ಕರಗಿಸುತ್ತವೆ.

ಹುಳಿ ಮಣ್ಣಿನ ಸಮಸ್ಯೆ ಬೇರೆ ತರದ್ದು. ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿರುವ ರಂಜಕವನ್ನು ಬಿಡಿಸಲು ಇನ್ನಷ್ಟು ಹುಳಿ ಉಪಯೋಗಕ್ಕೆ ಬರುವುದಿಲ್ಲ. ಆ ಲೋಹಗಳನ್ನೇ ತಬ್ಬಿ ಹಿಡಿಯುವ ಸಿಟ್ರಿಕ್, ಆಕ್ಸಾಲಿಕ್ ತರದ ಸಾವಯವ ಆಮ್ಲಗಳು ಬೇಕು. ಆಸ್ಪರ್ಜಿಲಸ್, ಪೆನಿಸಿಲಿಯಂ ಶಿಲೀಂಧ್ರಗಳು ಇವನ್ನು ಧಾರಾಳವಾಗಿ ಮಾಡುತ್ತವೆ, ಹುಳಿಯನ್ನೂ ತಡೆದುಕೊಳ್ಳುತ್ತವೆ. ಅಂಥ ಕಡೆ ಬ್ಯಾಕ್ಟೀರಿಯಾ ಪೊಟ್ಟಣಕ್ಕಿಂತ ಶಿಲೀಂಧ್ರದ್ದು ನನಗೆ ಇಷ್ಟ. ಆದರೆ ಪಿಎಚ್ 5ಕ್ಕಿಂತ ಕೆಳಗಿದ್ದರೆ ಯಾವ ಪೊಟ್ಟಣವೂ ಬೇಡ, ಮೊದಲು ಸುಣ್ಣ ಹಾಕಿ. ಅಷ್ಟು ಹುಳಿಯಲ್ಲಿ ಕರಗಿದ ಅಲ್ಯೂಮಿನಿಯಂ ಬೇರಿನ ತುದಿಯನ್ನೇ ಮೊಂಡು ಮಾಡುತ್ತದೆ. ಅಗೆದ ಗಿಡದ ಬೇರು ದಪ್ಪಗೆ, ಗಿಡ್ಡಗೆ, ಕವಲಿಲ್ಲದೆ ಇತ್ತಾ? ಹಾಗಿದ್ದರೆ ಇದೇ ಕಾರಣ ಇರಬಹುದು.

ಮೂರನೆಯ ರೂಪವೂ ಒಂದಿದೆ. ಎಷ್ಟೋ ಮಣ್ಣುಗಳಲ್ಲಿ ಒಟ್ಟು ರಂಜಕದ ಮೂರರಲ್ಲಿ ಒಂದು ಪಾಲಿನಿಂದ ಅರ್ಧಕ್ಕೂ ಮೀರಿ ಸಾವಯವ ರೂಪದಲ್ಲಿರುತ್ತದೆ. ಅದನ್ನು ಬಿಡಿಸಲು ಫಾಸ್ಫಟೇಸ್, ಫೈಟೇಸ್ ಅನ್ನುವ ಕಿಣ್ವಗಳು ಬೇಕು. ಆಮ್ಲದ ಉಂಗುರ ನೋಡಿ ಆರಿಸಿದ ಜೀವಾಣು ಈ ಕೆಲಸದಲ್ಲೂ ಗಟ್ಟಿಗ ಆಗಿರಬೇಕೆಂದೇನಿಲ್ಲ.

ಪೊಟ್ಟಣದಲ್ಲಿ ಜೀವ ಇದೆಯಾ

ಈಗ ಪೊಟ್ಟಣದ ಸರದಿ. ಒಂದು ಲೆಕ್ಕದಿಂದ ಶುರು ಮಾಡೋಣ. ಪೊಟ್ಟಣದ ಚೀಟಿಯಲ್ಲಿ ಗ್ರಾಮಿಗೆ 5 ಕೋಟಿ ಜೀವಾಣು ಅಂತ ಇದೆ ಅನ್ನಿ. ಒಂದು ಕೆಜಿ ಬೀಜಕ್ಕೆ 20 ಗ್ರಾಂ ಹಚ್ಚಿದರೆ 100 ಕೋಟಿ. ಮೆಕ್ಕೆಜೋಳ ಕೆಜಿಗೆ ಸುಮಾರು ಮೂರೂವರೆ ಸಾವಿರ ಬೀಜ ಬರುತ್ತದೆ. ಬೀಜಕ್ಕೆ ಸುಮಾರು 3 ಲಕ್ಷ ಸಿಕ್ಕಿತು. ಕೇಳಲು ದೊಡ್ಡ ಸಂಖ್ಯೆ. ಆದರೆ ಫಲವತ್ತಾದ ಮಣ್ಣಿನ ಒಂದೇ ಗ್ರಾಮಿನಲ್ಲಿ 10 ಕೋಟಿಯಿಂದ 100 ಕೋಟಿ ಬ್ಯಾಕ್ಟೀರಿಯಾಗಳು ಆಗಲೇ ಮನೆ ಮಾಡಿಕೊಂಡಿವೆ. ಅವುಗಳಲ್ಲಿ ರಂಜಕ ಕರಗಿಸುವವೂ ಇವೆ. ಪೊಟ್ಟಣ ಬಿಸಿಲಲ್ಲಿ ಕೂತು 99% ಸತ್ತಿದ್ದರೆ ಬೀಜಕ್ಕೆ ಉಳಿಯುವುದು 3 ಸಾವಿರ. ಆ ಗುಂಪಿನಲ್ಲಿ ಅವಕ್ಕೆ ನಿಲ್ಲಲು ಜಾಗವೂ ಸಿಗುವುದಿಲ್ಲ.

ಸಾಯಿಸುವವರ ಪಟ್ಟಿ ಉದ್ದ ಇದೆ. ಶಾಖ ಮೊದಲನೆಯದು. ತಗಡಿನ ಚಾವಣಿ ಕೆಳಗಿನ ಗೋದಾಮು, ಬಿಸಿಲಿಗೆ ನಿಂತ ವಾಹನ, ಇವುಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಬೀಜಕ್ಕೆ ಹಚ್ಚಿ ಬಿಸಿಲಲ್ಲಿ ಒಣಗಿಸುವುದು ಎರಡನೆಯದು. ನೆರಳಲ್ಲೇ ಒಣಗಿಸಿ, ಅದೇ ದಿನ ಬಿತ್ತಿ. ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ಕಲಸಿದರೂ ಪೆಟ್ಟು ಬೀಳುತ್ತದೆ. ಸೂಪರ್ ಫಾಸ್ಫೇಟ್ ಜೊತೆ ಒಂದೇ ಬುಟ್ಟಿಯಲ್ಲಿ ಕಲಸುವುದಂತೂ ಬೇಡವೇ ಬೇಡ. ಅದರ ದ್ರಾವಣ ಕಡು ಹುಳಿ. "ರಂಜಕದ ಜೊತೆ ರಂಜಕದ ಜೀವಾಣು" ಅಂತ ಕೇಳಲು ಜೋಡಿ ಚೆನ್ನಾಗಿದೆ, ಬುಟ್ಟಿಯಲ್ಲಿ ಜೀವಾಣು ಸಾಯುತ್ತದೆ.

ಬೀಜೋಪಚಾರದ ಔಷಧಿ ವಿಷಯದಲ್ಲಿ ಪೊಟ್ಟಣದಲ್ಲಿರುವುದು ಬ್ಯಾಕ್ಟೀರಿಯಾವೋ ಶಿಲೀಂಧ್ರವೋ ಅಂತ ನೋಡಲೇಬೇಕು. ತಾಮ್ರ, ಥೈರಮ್, ಕ್ಯಾಪ್ಟಾನ್ ಬ್ಯಾಕ್ಟೀರಿಯಾಕ್ಕೂ ಕೆಡುಕು. ಕಾರ್ಬೆಂಡಾಜಿಮ್ ಶಿಲೀಂಧ್ರಕ್ಕೆ ನೇರ ವಿಷ, ಬ್ಯಾಕ್ಟೀರಿಯಾಕ್ಕೆ ಅಷ್ಟಿಲ್ಲ. ಔಷಧಿ ಹಚ್ಚಲೇಬೇಕಿದ್ದರೆ ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಕೊನೆಗೆ ಜೀವಾಣು. ಇಲ್ಲವೇ ಬೀಜ ಬಿಟ್ಟು, ಜೀವಾಣುವನ್ನು ಗೊಬ್ಬರದಲ್ಲಿ ಬೆರೆಸಿ ಮಣ್ಣಿಗೆ ಕೊಡಿ. ನನಗೆ ಎರಡನೆಯದೇ ವಾಸಿ ಅನ್ನಿಸುತ್ತದೆ.

ಪುಡಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅಲ್ಪಸ್ವಲ್ಪ ಗೊತ್ತಾಗುತ್ತದೆ. ಒಳ್ಳೆಯದು ತೇವವಾಗಿ, ಹಿಡಿದರೆ ಸ್ವಲ್ಪ ಅಂಟುವಂತೆ ಇರುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಒಣಗಿ ಹೆಂಟೆಯಾಗಿದ್ದರೆ ಅನುಮಾನ ಪಡಿ. ಚೀಟಿ ಮೇಲಿನ ಹೆಸರು ಬೇರೆ ಕಂಡರೆ ಗಾಬರಿ ಬೇಡ. ಬ್ಯಾಸಿಲಸ್ ಮೆಗಟೇರಿಯಂಗೆ 2020ರಲ್ಲಿ ಪ್ರೀಸ್ಟಿಯಾ ಮೆಗಟೇರಿಯಂ ಅಂತ ಮರುನಾಮಕರಣ ಆಗಿದೆ, ಎರಡೂ ಒಂದೇ. ಖಚಿತ ಎಣಿಕೆ ಬೇಕಿದ್ದರೆ ಪ್ರಯೋಗಾಲಯಕ್ಕೇ ಕೊಡಬೇಕು.

ಬದುಕಿದೆ, ಆದರೆ ಹಸಿದಿದೆ

ಆಮ್ಲ ಮಾಡಲು ಸಕ್ಕರೆ ಬೇಕು. ಹೊಲದಲ್ಲಿ ಆ ಸಕ್ಕರೆ ಬರುವುದು ಬೇರಿನಿಂದ ಅಥವಾ ಕೊಳೆಯುವ ಸಾವಯವ ವಸ್ತುವಿನಿಂದ. ಬರಿದಾದ ಮಣ್ಣಿಗೆ ಬಿತ್ತನೆಗೆ ತುಂಬಾ ಮೊದಲೇ ಜೀವಾಣು ಹಾಕಿದರೆ ಅದು ತಿನ್ನಲಿಲ್ಲದೆ ಸೊರಗುತ್ತದೆ. ಮಣ್ಣು ಒಣಗಿದ್ದರೂ ಹಾಗೇ. ಅಲ್ಲದೆ ಕರಗಿದ ರಂಜಕ ಬೇರಿಗೆ ತಲುಪುವುದು ನೀರಿನ ತೆಳು ಪದರದ ಮೂಲಕವೇ. ತೇವ ಇಲ್ಲದಿದ್ದರೆ ಕರಗಿಸಿದರೂ ಗಿಡಕ್ಕೆ ಸಿಗದು.

ಇದರ ಉಲ್ಟಾ ತಪ್ಪೂ ಒಂದಿದೆ. ಹಸಿ ಹುಲ್ಲು, ಕೂಳೆ, ಮರದ ಹೊಟ್ಟು ರಾಶಿ ಹಾಕಿ ಉಳುಮೆ ಮಾಡಿ, ಕೂಡಲೇ ಬಿತ್ತುವುದು. ಇಂಥ ವಸ್ತುವಿನಲ್ಲಿ ಇಂಗಾಲ ವಿಪರೀತ, ರಂಜಕ ಅತ್ಯಲ್ಪ. ಇಂಗಾಲ ರಂಜಕಕ್ಕಿಂತ 300 ಪಟ್ಟಿಗೂ ಮೀರಿದ್ದರೆ ಜೀವಾಣುಗಳು ತಮ್ಮ ಮೈ ಕಟ್ಟಿಕೊಳ್ಳಲು ಮಣ್ಣಿನ ರಂಜಕವನ್ನೇ ಎಳೆದುಕೊಳ್ಳುತ್ತವೆ. 200 ಪಟ್ಟಿಗಿಂತ ಕಮ್ಮಿ ಇದ್ದರೆ ಬಿಟ್ಟುಕೊಡುತ್ತವೆ. ಎಳೆದುಕೊಂಡದ್ದು ಕಳೆದುಹೋಗುವುದಿಲ್ಲ. ಜೀವಾಣು ಸತ್ತಾಗ, ಅದನ್ನು ಪ್ರೊಟೊಜೋವಾಗಳು ತಿಂದಾಗ, ಒಣಗಿದ ಮಣ್ಣು ಮತ್ತೆ ನೆನೆದಾಗ ಹೊರಬರುತ್ತದೆ. ಆದರೆ ಎಳೆ ಗಿಡ ಅಷ್ಟು ಕಾಯುವುದಿಲ್ಲ. ರಂಜಕ ಅದಕ್ಕೆ ಬೇಕಿರುವುದು ಮೊದಲ ವಾರಗಳಲ್ಲೇ.

ನೀರು ನಿಲ್ಲಿಸಿದ ಭತ್ತದ ಗದ್ದೆಯಲ್ಲಿ ಪಿಎಸ್‌ಬಿ ಪರಿಣಾಮ ಕಾಣದಿದ್ದರೆ ಆಶ್ಚರ್ಯ ಬೇಡ. ಗಾಳಿ ಇಲ್ಲದ ಕೆಸರಿನಲ್ಲಿ ಕಬ್ಬಿಣದ ರೂಪ ಬದಲಾಗಿ, ಅದು ಹಿಡಿದಿದ್ದ ರಂಜಕ ತಾನಾಗಿ ಬಿಡುಗಡೆ ಆಗುತ್ತದೆ. ಗದ್ದೆ ಒಣಗಿದ ಮೇಲೆ ಕಬ್ಬಿಣ ಮತ್ತೆ ಹಿಡಿದುಕೊಳ್ಳುತ್ತದೆ. ಭತ್ತದಲ್ಲಿ ಏನೂ ತೊಂದರೆ ಇಲ್ಲದೆ, ಅದರ ಹಿಂದಿನಿಂದ ಬರುವ ಒಣ ಬೆಳೆ ಸೊರಗುವುದು ಇದಕ್ಕೇ.

ಕರಗಿದೆ, ಬೇರಿಗೆ ಎಟುಕುತ್ತಿಲ್ಲ

ರಂಜಕ ಮಣ್ಣಿನಲ್ಲಿ ಹೆಚ್ಚು ದೂರ ಚಲಿಸುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಜಾಗ ಖಾಲಿ ಮಾಡಿದರೆ, ಆಚೆಯಿಂದ ಅಷ್ಟು ಬೇಗ ಬಂದು ತುಂಬುವುದಿಲ್ಲ. ಬಾವಿಯಲ್ಲಿ ನೀರಿದೆ, ಹಗ್ಗ ಮಾತ್ರ ಗಿಡ್ಡ. ಹಗ್ಗ ಉದ್ದ ಮಾಡುವುದು ಬೇರಿನೊಳಗೆ ಸೇರಿ ಬಾಳುವ ಮೈಕೋರೈಜಾ ಶಿಲೀಂಧ್ರದ ಕೆಲಸ. ಅದರ ಎಳೆಗಳು ಬೇರಿನಿಂದ ಸೆಂಟಿಮೀಟರ್‌ಗಟ್ಟಲೆ ಆಚೆ ಹೋಗಿ ರಂಜಕ ತಂದು ಕೊಡುತ್ತವೆ. ಇದು ಕರಗಿಸುವುದಕ್ಕಿಂತ ಸಾಗಿಸುವುದರಲ್ಲಿ ನಿಪುಣ. ಪಿಎಸ್‌ಬಿ ಬದಲಿಗೆ ಇದು, ಇದರ ಬದಲಿಗೆ ಪಿಎಸ್‌ಬಿ ಅಂತ ಕೊಳ್ಳುವವರು ಇದನ್ನು ಗಮನಿಸಬೇಕು.

ಮೈಕೋರೈಜಾ ಸೋಲುವ ಕಾರಣಗಳು ಹೆಚ್ಚಾಗಿ ಸರಳ. ಬೆಳೆ ಸಾಸಿವೆ, ಕೋಸು, ಮೂಲಂಗಿ, ಪಾಲಕ್, ಬೀಟ್‌ರೂಟ್ ಆಗಿದ್ದರೆ ಆ ಗಿಡಗಳು ಇದನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಹೋದ ಸಲದ ಬೆಳೆ ಅಂಥದ್ದಾಗಿದ್ದರೂ, ಹೊಲ ತುಂಬಾ ದಿನ ಬೀಳು ಬಿದ್ದಿದ್ದರೂ ಮಣ್ಣಿನಲ್ಲಿದ್ದ ಮೈಕೋರೈಜಾ ಕುಗ್ಗಿರುತ್ತದೆ. ಬದುಕಿರುವ ಬೇರಿಲ್ಲದೆ ಅದು ಬೆಳೆಯಲಾರದು. ಆಳವಾಗಿ ಮತ್ತೆಮತ್ತೆ ಉತ್ತರೆ ಎಳೆಗಳ ಜಾಲ ಹರಿಯುತ್ತದೆ. ರಂಜಕದ ಗೊಬ್ಬರ ಅತಿಯಾದರೆ ಗಿಡವೇ ಅದನ್ನು ದೂರ ಇಡುತ್ತದೆ. ಇನ್ನು ಪುಡಿಯನ್ನು ಮಣ್ಣಿನ ಮೇಲೆ ಎರಚಿದ್ದರೆ ಕಾರಣ ಹುಡುಕುವುದೇ ಬೇಡ. ಬೇರು ತಾಗುವ ಜಾಗದಲ್ಲಿ, ಬೀಜದ ಕೆಳಗೆ ಅಥವಾ ಸಸಿ ಮಡಿಯಲ್ಲೇ ಅದನ್ನು ಕೊಡಬೇಕು. ಬೇರಿನೊಳಗೆ ಸೇರಿದೆಯೋ ಇಲ್ಲವೋ ಬರಿಗಣ್ಣಿಗೆ ಕಾಣುವುದಿಲ್ಲ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. 1998ರಿಂದ ಈಚೆಗೆ ವಿನೆಗರ್‌ನಲ್ಲಿ ಪೆನ್ ಶಾಯಿ ಬೆರೆಸಿ ಬಣ್ಣ ಹಾಕುವ ಅಗ್ಗದ ವಿಧಾನವೂ ಬಳಕೆಯಲ್ಲಿದೆ.

ನಾಲ್ಕು ಪಟ್ಟಿ ಪರೀಕ್ಷೆ

ಇಷ್ಟೆಲ್ಲ ನೋಡಿಯೂ ಗೊಂದಲ ಉಳಿದರೆ ಮುಂದಿನ ಬಿತ್ತನೆಯಲ್ಲಿ ಹೊಲವನ್ನೇ ಕೇಳಿ. ಪಕ್ಕಪಕ್ಕದಲ್ಲಿ ನಾಲ್ಕು ಪಟ್ಟಿ ಗುರುತು ಮಾಡಿ. ಒಂದಕ್ಕೆ ಏನೂ ಬೇಡ. ಒಂದಕ್ಕೆ ಬದುಕಿರುವ ಜೀವಾಣು. ಒಂದಕ್ಕೆ ಅದೇ ಪೊಟ್ಟಣದ ಸತ್ತ ಜೀವಾಣು. ಇನ್ನೊಂದಕ್ಕೆ ನೀರಿನಲ್ಲಿ ಕರಗುವ ರಂಜಕದ ಗೊಬ್ಬರ ಪೂರ್ತಿ ಪ್ರಮಾಣ. ಮಿಕ್ಕ ಗೊಬ್ಬರ, ನೀರು ಎಲ್ಲಾ ಒಂದೇ ಸಮ. ರಂಜಕದ ಗೊಬ್ಬರ ಡಿಎಪಿ ಆದರೆ ಅದರಲ್ಲಿ ಬರುವ ಸಾರಜನಕವನ್ನು ಬೇರೆ ಮೂರು ಪಟ್ಟಿಗೂ ಸರಿದೂಗಿಸಿ. ಜಾಗ ಇದ್ದರೆ ಇದೇ ನಾಲ್ಕನ್ನು ಹೊಲದ ಬೇರೆ ಕಡೆಯೂ ಕ್ರಮ ಬದಲಿಸಿ ಮಾಡಿ.

ಸಾಯಿಸುವುದು ಹೇಗೆ? ಬರೀ ಕುದಿಸಿದರೆ ಸಾಲದು. ಬ್ಯಾಸಿಲಸ್ ಜಾತಿಯವು ಗಟ್ಟಿ ಚಿಪ್ಪಿನ ಬೀಜಾಣು ಕಟ್ಟಿಕೊಂಡು ಕುದಿಯುವ ನೀರಿನಲ್ಲೂ ಉಳಿಯುತ್ತವೆ. ಪುಡಿಯನ್ನು ನೀರಿನಲ್ಲಿ ಕಲಸಿ, ಅಗಲ ಬಾಯಿಯ ಪಾತ್ರೆಯಲ್ಲಿ ತೆಳುವಾಗಿ ಹಾಕಿ, ಪ್ರೆಷರ್ ಕುಕ್ಕರಿನಲ್ಲಿ ಮುಕ್ಕಾಲು ಗಂಟೆ ಒತ್ತಡದಲ್ಲಿ ಇಡಿ. ಆರಿದ ಮೇಲೆ ಬಳಸಿ. ಆ ಕುಕ್ಕರ್ ಆಮೇಲೆ ಅಡುಗೆಗೆ ಬೇಡ.

ಬಿತ್ತಿದ ನಾಲ್ಕೈದು ವಾರಕ್ಕೆ ಒಮ್ಮೆ ನೋಡಿ, ಗಿಡ ಕಿತ್ತು ಒಣಗಿಸಿ ತೂಗಿ. ಕೊಯ್ಲಿನವರೆಗೆ ಕಾದರೆ ಮೊದಮೊದಲ ವ್ಯತ್ಯಾಸ ಎಷ್ಟೋ ಸಲ ಮುಚ್ಚಿಹೋಗುತ್ತದೆ. ಗೊಬ್ಬರದ ಪಟ್ಟಿ ಎದ್ದು, ಜೀವಾಣುವಿನ ಪಟ್ಟಿ ಏಳದಿದ್ದರೆ ರಂಜಕದ ಕೊರತೆ ನಿಜ, ಜೀವಾಣು ಕೆಲಸ ಮಾಡಿಲ್ಲ. ಮಣ್ಣಿನ ಹಿಡಿತ, ಪೊಟ್ಟಣದ ಜೀವ, ಆಹಾರ, ಈ ಮೂರನ್ನು ಮತ್ತೆ ನೋಡಿ. ಬದುಕಿದ್ದೂ ಸತ್ತದ್ದೂ ಒಂದೇ ಸಮ ಎದ್ದರೆ ಕೆಲಸ ಮಾಡಿದ್ದು ಪುಡಿಯಲ್ಲಿದ್ದ ಪೋಷಕಾಂಶ. ಬದುಕಿದ್ದ ಪಟ್ಟಿ ಮಾತ್ರ ಎದ್ದು, ಎಲೆ ಪರೀಕ್ಷೆಯಲ್ಲಿ ರಂಜಕದ ಪ್ರಮಾಣ ಏರದಿದ್ದರೆ ಜೀವಾಣು ಬೇರೆ ದಾರಿಯಲ್ಲಿ ಸಹಾಯ ಮಾಡಿರಬಹುದು. ಇವುಗಳಲ್ಲಿ ಹಲವು ಬೇರು ಬೆಳೆಸುವ ಆಕ್ಸಿನ್ ಹಾರ್ಮೋನನ್ನೂ ತಯಾರಿಸುತ್ತವೆ. ಲಾಭ ಲಾಭವೇ, ಆದರೆ ರಂಜಕದ ಗೊಬ್ಬರ ಕಮ್ಮಿ ಮಾಡಲು ಅದನ್ನು ಆಧಾರ ಮಾಡಿಕೊಳ್ಳಬೇಡಿ.

ನಾಲ್ಕೂ ಪಟ್ಟಿ ಒಂದೇ ಸಮ ಕುಳ್ಳಗಿದ್ದರೆ ಗಿಡವನ್ನು ತಡೆದಿರುವುದು ರಂಜಕವಲ್ಲ. ಆಗ ಹೊಸ ಎಲೆ ನೋಡಿ. ಮೆಕ್ಕೆಜೋಳದ ಎಳೆ ಎಲೆಯ ಬುಡದಲ್ಲಿ ನಡುನರದ ಎರಡೂ ಬದಿಗೆ ಬಿಳಿ ಪಟ್ಟೆ ಬಿದ್ದಿದ್ದರೆ ಸತುವಿನ ಕೊರತೆ. ವರ್ಷಗಟ್ಟಲೆ ರಂಜಕ ಸುರಿದ ಹೊಲಗಳಲ್ಲಿ ಇದು ಹೊಸದೇನಲ್ಲ. ಅತಿಯಾದ ರಂಜಕ ಸತುವನ್ನು ಗಿಡಕ್ಕೆ ದಕ್ಕಗೊಡುವುದಿಲ್ಲ, ಸತು ತಂದುಕೊಡುವ ಮೈಕೋರೈಜಾವನ್ನೂ ಕುಗ್ಗಿಸುತ್ತದೆ. ಅಲ್ಲಿ ಪಿಎಸ್‌ಬಿಯನ್ನೂ ಡಿಎಪಿಯನ್ನೂ ಎರಡು ಹಂಗಾಮು ನಿಲ್ಲಿಸಿ, ಸತುವಿನ ಸಲ್ಫೇಟ್ ಕೊಟ್ಟು, ಮಣ್ಣನ್ನು ಅದೇ ವಿಧಾನದಲ್ಲಿ ಮತ್ತೆ ಪರೀಕ್ಷೆಗೆ ಕಳಿಸಿ.